ಬದುಕಿದ್ದವನಿಗೆ ಒಂಬತ್ತು ರಾತ್ರಿ

ಎಲ್ ಸಾಬಿನಾಲ್
೬ ಮಾರ್ಚ್ ೧೯೮೭

ಮಗಳೇ ಲುಸಿಲಾ,

ಇವತ್ತು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಶುಕ್ರವಾರ, ಉಪವಾಸ. ಒಂದು ಲೋಟ ಕಪ್ಪು ಕಾಫಿ ಬಿಟ್ಟರೆ ಬಾಯಿಗೆ ಏನೂ ಹಾಕಿಲ್ಲ. ರಾತ್ರಿ ಸುಣ್ಣದ ನೀರಿನಲ್ಲಿ ಬೇಯಿಸಿಟ್ಟ ಜೋಳ ತೊಳೆದು ಅರೆದೆ. ಹಂದಿಗೆ ಕಲಗಚ್ಚು ಹಾಕಿದೆ. ಅಂಗಳ ಗುಡಿಸಿ ನೀರು ಚಿಮುಕಿಸಿ, ನಿನ್ನ ತಮ್ಮನಿಗೆ ಪಾಪಾಸುಕಳ್ಳಿ ಪಲ್ಯ ಮಾಡಿ ರೊಟ್ಟಿ ಸುಟ್ಟೆ. ಈಗ ಬಾಗಿಲ ಬಳಿ ಕೂತು ಬರೆಯುತ್ತಿದ್ದೇನೆ. ನನಗೆ ಅರೆಯುವುದಕ್ಕಿಂತ ಬರೆಯುವುದೇ ಕಷ್ಟ, ನಿನಗೆ ಗೊತ್ತು.

ನಿಮ್ಮ ಸಿನಿಮಾದವರು ಬಂದರು. ನೀನು ಬಟ್ಟೆ ಹೊಲಿಯುವ ಕಂಪನಿಯವರು ಅಂದಮೇಲೆ ನಮ್ಮ ಮನೆಯವರೇ ಎಂದುಕೊಂಡು ಕಾಫಿ ಕೊಟ್ಟೆ. ನಿರ್ದೇಶಕ ಲೆದೆಸ್ಮಾ ತೆಳ್ಳಗೆ, ಉದ್ದಕ್ಕೆ ಇದ್ದಾರೆ, ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಕೂತ ಕೂಡಲೇ ಕಥೆ ಶುರು ಮಾಡಿದರು.

"ಅಮ್ಮಾ, ಇದು ಬರೀ ಕಳ್ಳಸಾಗಣೆಯವರ ಕಥೆ ಅಂದ್ಕೋಬೇಡಿ. ಇಂಥದ್ದು ಈ ದೇಶದಲ್ಲಿ ಯಾರೂ ಮಾಡಿಲ್ಲ. ಇದರಲ್ಲಿ ಮಾತೇ ಇಲ್ಲ, ಎಲ್ಲಾ ಹಾಡು. ಕೊಲ್ಲೋನೂ ಹಾಡ್ತಾನೆ, ಸಾಯೋನೂ ಹಾಡ್ತಾನೆ."

"ಸಾಯೋನು ಹಾಡ್ತಾ ಕೂತ್ರೆ ಸಾಯೋದ್ಯಾವಾಗ ಸ್ವಾಮಿ?" ಅಂದೆ.

ಜೊತೆಯಲ್ಲಿದ್ದವರು ನಕ್ಕರು. ಅವರು ನಗಲಿಲ್ಲ.

ಅವರಿಗೆ ಬೇಕಾಗಿರುವುದು ನನ್ನ ಪ್ರಾರ್ಥನೆ. ಕಥೆಯ ಕೊನೆಯಲ್ಲಿ ಕಳ್ಳಸಾಗಣೆಯ ದೊರೆ ಸಾಯುತ್ತಾನಂತೆ. ಅವನ ಮನೆಯಲ್ಲಿ ನಾನು ಸುಣ್ಣದ ಶಿಲುಬೆ ಬರೆದು ಒಂಬತ್ತು ರಾತ್ರಿಯ ಜಪ ಹೇಳಬೇಕಂತೆ. ಇದನ್ನೆಲ್ಲ ಅವರಿಗೆ ಹೇಳಿದವಳು ನೀನೇ ಅಂತೆ. ನಾನು ಹೇಳಿದೆ, "ಶವಪೆಟ್ಟಿಗೆ ಇಟ್ಟಿದ್ದ ನೆಲದ ಮೇಲೆ ಸುಣ್ಣದ ಶಿಲುಬೆ ಬರೆಯೋದು ಅಲಂಕಾರಕ್ಕಲ್ಲ. ಸತ್ತವರ ನೆರಳು ಒಂಬತ್ತು ರಾತ್ರಿ ಅಲ್ಲಿರುತ್ತೆ. ಕೊನೇ ರಾತ್ರಿ ಸುಣ್ಣ ಎತ್ತಿ ಸ್ಮಶಾನಕ್ಕೆ ಒಯ್ದ ಮೇಲೇ ಅದು ಹೋಗೋದು. ಸಾಯದೇ ಇರೋರಿಗೆ ಇಟ್ರೆ ಅದು ಕರೆದ ಹಾಗೆ."

"ಯಾರನ್ನ ಕರೆದ ಹಾಗೆ?"

"ಬರೋದನ್ನ."

ಇನ್ನೊಂದು ವಿಷಯ. ಆ ದೊರೆಯ ವೇಷ ನಿನ್ನ ತಮ್ಮನಿಗೆ ಕೊಟ್ಟಿದ್ದಾರೆ. ನಿಕಾನೋರ್ ಬ್ಯಾಂಡಿನಲ್ಲಿ ತುತ್ತೂರಿ ಊದುವುದನ್ನು ಕೇಳಲು ಹೋದವರು ಅವನು ಹಾಡುವುದನ್ನು ಕೇಳಿ ಬಿಟ್ಟು ಬರಲಿಲ್ಲ. ಅವನಂತೂ ನೆಲದ ಮೇಲಿಲ್ಲ. ನಿನ್ನೆ ಹೊಸ ಟೋಪಿ ಹಾಕಿಕೊಂಡು ಅಂಗಳದಲ್ಲಿ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ.

"ಯಾರ ಹಾಗೆ ನಡೀತಿದೀಯ, ಗೊತ್ತೇನೋ?"

"ಗೊತ್ತು ಬಿಡವ್ವ. ನಿರ್ದೇಶಕರಿಗೆ ಭಾರಿ ಖುಷಿಯಾಯ್ತು."

"ಮೇಲಿನ ಮನೇಗೆ ಗೊತ್ತಾದ್ರೆ?"

"ದೋನ್ ಎವೆಲಿಯೋ ಸಿನಿಮಾ ನೋಡ್ತಾರಾ? ಅವರಿಗೆ ಅಫೀಮಿನ ಗಸಗಸೆ ಹೊಲ ನೋಡ್ಕೊಳ್ಳೋಕೇ ಹೊತ್ತಿಲ್ಲ."

ಈ ಮೂರು ಕಣಿವೆಯಲ್ಲಿ ಕಾಲೆಳೆದುಕೊಂಡು ನಡೆಯುವವರು ದೋನ್ ಎವೆಲಿಯೋ ಒಬ್ಬರೇ ಎಂದು ಕೈಕೂಸಿಗೂ ಗೊತ್ತು. ಅವರ ಎದುರಿಗೆ ನಾವು ಯಾರೂ ಅವರ ಕಾಲು ನೋಡುವುದಿಲ್ಲ. ಇವನು ಅದನ್ನು ಊರಿಗೆಲ್ಲ ತೋರಿಸಲು ಹೊರಟಿದ್ದಾನೆ.

ನಾನು ಇನ್ನೂ ಒಪ್ಪಿಲ್ಲ. ನೀನು ಏನು ಹೇಳುತ್ತೀಯೋ ಬರೆ. ಬಸ್ಸಿನ ಹೋನೋರಿಯೋ ಕೈಯಲ್ಲಿ ಕೊಟ್ಟರೆ ತಲುಪಿಸುತ್ತಾನೆ.

ನಿನಗಾಗಿ ದಿನವೂ ಜಪಮಾಲೆ ಹೇಳುವ
ನಿನ್ನ ಅವ್ವ, ತೆಯೋಫಿಲಾ


ಮೆಕ್ಸಿಕೋ ನಗರ
೧೯ ಮಾರ್ಚ್ ೧೯೮೭

ಅವ್ವ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಹೆದರಿದೆ. ಹೆದರಿದ್ದು ನಿನ್ನ ಶಿಲುಬೆಗಲ್ಲ, ನೀನು ಒಲ್ಲೆ ಅಂದುಬಿಟ್ಟರೆ ಎಂದು.

ನೋಡವ್ವ, ಲೆದೆಸ್ಮಾ ಅವರು ಮನೆ ಅಡವಿಟ್ಟು ಈ ಸಿನಿಮಾ ಮಾಡುತ್ತಿದ್ದಾರೆ. ನಲವತ್ತು ಜನ ವಾದ್ಯದವರು, ಒಂದು ಇಡೀ ಗಾನವೃಂದ, ಕುದುರೆಗಳು. ಇದುವರೆಗೆ ಕಳ್ಳಸಾಗಣೆಯ ಸಿನಿಮಾ ಅಂದರೆ ಲಾರಿ ಡ್ರೈವರುಗಳು ನೋಡುವ ಗುಂಡು ಹಾರುವ ಚಿತ್ರ. ಇವರು ಅದನ್ನು ದೊಡ್ಡ ರಂಗಮಂದಿರದ ಗೀತನಾಟಕದ ಮಟ್ಟಕ್ಕೆ ಏರಿಸುತ್ತಾರಂತೆ. ಹೊರದೇಶದ ಉತ್ಸವಕ್ಕೆ ಕಳಿಸುತ್ತಾರಂತೆ. ನಿನ್ನ ಜಪದ ವಿಷಯ ನಾನು ಹೇಳಿದ ದಿನ ಅವರು ನನ್ನನ್ನು ಮೊದಲ ಸಲ ಹೆಸರು ಹಿಡಿದು ಕರೆದರು. ಮುಂದಿನ ಚಿತ್ರಕ್ಕೆ ನಾನೇ ವಸ್ತ್ರ ವಿಭಾಗ ನೋಡಿಕೊಳ್ಳಬಹುದು ಎಂದಿದ್ದಾರೆ. ಏಳು ವರ್ಷದಿಂದ ಗುಂಡಿ ಹೊಲಿಯುತ್ತಿದ್ದೇನೆ ಅವ್ವ.

ಸುಣ್ಣಕ್ಕೆ ಹೆದರಿಕೆಯಾದರೆ ಮೈದಾ ಹಿಟ್ಟಿನಲ್ಲಿ ಬರೆ. ಹಿಟ್ಟಿಗೆ ಯಾವ ನೆರಳು ಬರುತ್ತದೆ? ನಿಕಾನೋರ್‌ನ ಕಾಲಿನ ವಿಷಯ ನಾನೇ ಲೆದೆಸ್ಮಾ ಅವರಿಗೆ ಹೇಳುತ್ತೇನೆ.

ನನಗಾಗಿ ಮಾಡು.

ನಿನ್ನ ಲುಸಿಲಾ


ಎಲ್ ಸಾಬಿನಾಲ್
೧೨ ಏಪ್ರಿಲ್ ೧೯೮೭, ಗರಿಗಳ ಭಾನುವಾರ

ಲುಸಿಲಾ,

ಮಾಡಿದೆ. ನಿನಗಾಗಿ ಎಂದೆಯಲ್ಲ, ಅದಕ್ಕೆ ಮಾಡಿದೆ.

ನಮ್ಮ ಮನೆಯನ್ನೇ ದೊರೆಯ ಮನೆ ಮಾಡಿಕೊಂಡಿದ್ದರು. ಹಿಟ್ಟಿನಲ್ಲಿ ಬರೆದೆ. ಕ್ಯಾಮೆರಾದವನು ಬಗ್ಗಿ ನೋಡಿ, ಬಿಳುಪು ಸಾಲದು, ಎದ್ದು ಕಾಣುತ್ತಿಲ್ಲ ಎಂದ. ನಾನು ಮುಸುಕು ಸರಿಮಾಡಿಕೊಳ್ಳುವಷ್ಟರಲ್ಲಿ ಯಾರೋ ನಮ್ಮ ಅಡುಗೆಮನೆಗೆ ಹೋಗಿ ಜೋಳಕ್ಕೆ ಹಾಕುವ ಸುಣ್ಣದ ಡಬ್ಬಿಯನ್ನೇ ತಂದು ಹಿಟ್ಟಿನ ಮೇಲೆ ಸುರಿದಿದ್ದರು. ನನ್ನ ಗೆರೆಯ ಮೇಲೇ, ಒಂದು ಕೂದಲೂ ಆಚೆ ಈಚೆ ಆಗದ ಹಾಗೆ.

ಪೆಟ್ಟಿಗೆ ಖಾಲಿ ಇರುತ್ತದೆ ಎಂದು ಮಾತು ಕೊಟ್ಟಿದ್ದರು. ಜಪಕ್ಕೆ ಮಂಡಿಯೂರಿ ತಲೆ ಎತ್ತಿದರೆ ಒಳಗೆ ನಿನ್ನ ತಮ್ಮ ಮಲಗಿದ್ದಾನೆ. ಮುಖಕ್ಕೆ ಬೂದಿ ಬಣ್ಣ ಬಳಿದು, ಮೂಗಿಗೆ ಹತ್ತಿ ಇಟ್ಟು, ಕೈಗೆ ನನ್ನದೇ ಜಪಮಾಲೆ ಸುತ್ತಿದ್ದಾರೆ. ನಾನು ಕಿರುಚಲಿಲ್ಲ. ಕಿರುಚಿದ್ದರೆ ಅದನ್ನೂ ಹಿಡಿದುಕೊಳ್ಳುತ್ತಿದ್ದರೋ ಏನೋ. ಬಾಯಿ ತಾನೇ ಜಪ ಶುರು ಮಾಡಿತು. ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಬಾಯಿ. ಸತ್ತವರ ಹೆಸರು ಹೇಳುವ ಜಾಗ ಬಂತು. ಅವರು ಹೇಳಿಕೊಟ್ಟಿದ್ದ ಕಥೆಯ ಹೆಸರು ನಾಲಿಗೆಗೆ ಬರಲಿಲ್ಲ. ಎದುರಿಗಿರುವವನ ಹೆಸರು ಹೇಳಲು ನನ್ನ ಕೈಲಿ ಆಗುವುದುಂಟೇ? ಆ ಜಾಗದಲ್ಲಿ ಸುಮ್ಮನಾದೆ. ಹಿಂದೆ ಕೂತು ದನಿಗೂಡಿಸುತ್ತಿದ್ದ ಊರ ಹೆಂಗಸರೂ ಸುಮ್ಮನಾದರು. ಪ್ರತಿ ಸಲ ಆ ಜಾಗ ಬಂದಾಗಲೂ ಹಾಗೇ ಆಯಿತು.

ಲೆದೆಸ್ಮಾ ಅಳುತ್ತಿದ್ದರು. "ಅದೇ ಅಮ್ಮಾ, ಅದೇ! ಆ ಮೌನ! ಅದನ್ನ ಬಿಡಬೇಡಿ!" ಎಂದು ಕೈ ಹಿಸುಕಿಕೊಳ್ಳುತ್ತಿದ್ದರು.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಒಂಬತ್ತು ರಾತ್ರಿಯನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ಪ್ರತಿ ರಾತ್ರಿಗೂ ಮೇಣದಬತ್ತಿ ಬದಲಾಯಿಸುವುದು, ನನ್ನ ಶಾಲು ಬದಲಾಯಿಸುವುದು. ಒಂಬತ್ತನೆಯದರಲ್ಲಿ ಶಿಲುಬೆ ಎತ್ತೋಣ ಎಂದರೆ, "ಬೇಡಮ್ಮ, ರೀಲು ಮುಗೀತು, ಇಷ್ಟು ಸಾಕು" ಎಂದರು. ನೋಡನೋಡುತ್ತಲೇ ಒಬ್ಬ ಪೊರಕೆ ತಂದು ಸುಣ್ಣ ಗುಡಿಸಿ ಅಂಗಳಕ್ಕೆ ಚೆಲ್ಲಿದ. ಕೋಳಿಗಳು ಕೆದಕಿದವು.

ನಿಕಾನೋರ್ ಪೆಟ್ಟಿಗೆಯಿಂದ ಎದ್ದು, "ಹೇಗಿತ್ತವ್ವ? ಉಸಿರು ಬಿಟ್ಟಿದ್ದು ಕಾಣಿಸ್ತಾ?" ಎಂದು ಕೇಳಿದ. ಕೆನ್ನೆಗೆ ಒಂದು ಕೊಟ್ಟೆ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಎಲ್ಲರೆದುರಿಗೆ ಕೊಟ್ಟೆ.

ಬೇಲಿಯ ಆಚೆ ಹೇಸರಗತ್ತೆಯ ಮೇಲೆ ಕೂತ ಇಬ್ಬರು ಇಡೀ ಮಧ್ಯಾಹ್ನ ನೋಡುತ್ತಿದ್ದರು. ಮೇಲಿನ ಮನೆಯವರು. ನೀರು ಬೇಕೇ ಎಂದರೆ ಬೇಡ ಎಂದರು.

ಅವ್ವ


ಮೆಕ್ಸಿಕೋ ನಗರ
೮ ನವೆಂಬರ್ ೧೯೮೭

ಅವ್ವ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಸಿನಿಮಾ ಬಂತು, ಹೋಯಿತು. ಎರಡು ಚಿತ್ರಮಂದಿರ, ಒಂದು ವಾರ. ಮೊದಲ ದಿನ ನಾನು ಹೊಸ ಬ್ಲೌಸು ಹಾಕಿಕೊಂಡು ಹೋಗಿದ್ದೆ. ಹತ್ತು ನಿಮಿಷಕ್ಕೇ ಜನ ನಗಲು ಶುರು ಮಾಡಿದರು. ಪೊಲೀಸರು ಬಂದೂಕು ಎತ್ತಿ ಸಾಲಾಗಿ ಕುಣಿಯುತ್ತಾರೆ. ಗುಂಡು ತಗುಲಿದವನು ನೆಲಕ್ಕೆ ಬಿದ್ದು ಮತ್ತೆರಡು ಚರಣ ಹಾಡುತ್ತಾನೆ. ನಲವತ್ತು ವಾದ್ಯಕ್ಕೆ ದುಡ್ಡು ಸಾಲದೆ ಕೊನೆಗೆ ಆರು ಜನರನ್ನು ಕೂರಿಸಿ ಬಾರಿಸಿದ್ದಾರೆ. ನಮ್ಮ ನಿಕಾನೋರ್ ಚೆನ್ನಾಗಿ ಹಾಡಿದ್ದಾನೆ, ಆದರೆ ತುಟಿ ಒಂದು ಕಡೆ ದನಿ ಒಂದು ಕಡೆ. ಹಿಂದಿನ ಸಾಲಿನಿಂದ ಯಾರೋ, "ಇವನನ್ನ ಹಿಡಿದುಹಾಕಿ ಸಾಹೇಬ್ರೇ, ಹಾಡು ಕೊಂದಿದ್ದಾನೆ!" ಎಂದು ಕೂಗಿದರು. ಪೇಪರಿನವರು ಅದಕ್ಕಿಂತ ಕೆಟ್ಟದಾಗಿ ಬರೆದರು. ಕಾಲಿನ ವಿಷಯ ನಾನು ಹೇಳಿದ್ದೆ ಅವ್ವ. ತೆಗೆಯುತ್ತೇನೆ ಎಂದಿದ್ದರು. ತೆಗೆದಿಲ್ಲ.

ಆದರೆ ನಿನ್ನ ಜಪ ಬಂದಾಗ ನಗು ನಿಂತಿತು. ನಿಂತದ್ದು ನಿಂತೇ ಹೋಯಿತು. ನೀನು ಸುಮ್ಮನಾಗುವ ಜಾಗದಲ್ಲಿ ನನ್ನ ಪಕ್ಕದ ಮುದುಕಿ ತನ್ನ ಗಂಡನ ಹೆಸರನ್ನು ಪಿಸುಗುಟ್ಟಿದಳು. ಆಚೆ ಇನ್ನೊಬ್ಬರು ಇನ್ಯಾವುದೋ ಹೆಸರು. 

ಲೆದೆಸ್ಮಾ ಈಗ ಕುಡಿಯುತ್ತಾರೆ. ಕಂಪನಿ ಮುಚ್ಚಿತು. ನಾನು ಶಾಲೆಯ ಸಮವಸ್ತ್ರ ಹೊಲಿಯುವ ಕಡೆ ಸೇರಿದ್ದೇನೆ. ಸಿನಿಮಾದ ಒಂದು ಪ್ರತಿಯನ್ನು ಊರೂರು ತಿರುಗುವ ಟೆಂಟು ಸಿನಿಮಾದವನಿಗೆ ಮಾರಿದರಂತೆ. ಅವನು ಉತ್ತರಕ್ಕೆ ಹೋಗುತ್ತಾನೆ ಎಂದು ಕೇಳಿದೆ. ನಮ್ಮ ಕಡೆ ಬರಲಿಕ್ಕಿಲ್ಲ. ನೀನು ಚಿಂತೆ ಮಾಡಬೇಡ.

ಲುಸಿಲಾ


ಎಲ್ ಸಾಬಿನಾಲ್
೯ ಫೆಬ್ರವರಿ ೧೯೮೮

ಮಗಳೇ,

ನಿಕಾನೋರ್ ಮನೆಗೆ ಬಂದಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಬೇರೆ ಕಡೆ ಹೋಗುತ್ತದೆ.

ಟೆಂಟಿನವನು ಉತ್ತರಕ್ಕೆ ಹೋಗಲಿಲ್ಲ. ಕ್ಯಾಂಡಲ್ ಹಬ್ಬಕ್ಕೆ ಸಂತೆ ಊರಿಗೆ ಬಂದ. ನಮ್ಮ ಊರಿನ ಹುಡುಗನ ಸಿನಿಮಾ ಎಂದು ಎರಡು ಲಾರಿ ಜನ ಹೋದರು. ಬಾಲಕ್ರಿಸ್ತನ ಬೊಂಬೆಯನ್ನು ಕ್ರಿಸ್‌ಮಸ್ ಗೋದಲಿಯಿಂದ ಎತ್ತಿ ಪೂಜೆಗೆ ಒಯ್ದಿದ್ದೆ, ಹಾಗೇ ಮಡಿಲಲ್ಲಿಟ್ಟುಕೊಂಡು ನಾನೂ ಕೂತೆ.

ನೀನು ಬರೆದದ್ದು ಸುಳ್ಳಲ್ಲ. ನಕ್ಕು ನಕ್ಕು ಜನ ಒಬ್ಬರ ಮೇಲೊಬ್ಬರು ಬಿದ್ದರು. ಪಕ್ಕದ ಮನೆ ಚೋನಾ ನಮ್ಮವನ ಕಡೆ ತಿರುಗಿ, "ಏಯ್ ದೊರೆ! ಗುಂಡಿಗೂ ಸಾಯ್ಲಿಲ್ಲ ನೀನು, ನಾಳೆ ನನ್ನ ಸಾರು ಕುಡಿದು ನೋಡು!" ಅಂದಳು. ಅವನೂ ನಗುತ್ತಿದ್ದ. ಎಲ್ಲರೂ ತನ್ನನ್ನೇ ಆಡಿಕೊಳ್ಳುತ್ತಿದ್ದರೂ ನಗುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಪರದೆಯ ಮೇಲೆ ಅವನು ಕಾಲೆಳೆದುಕೊಂಡು ನಡೆದಾಗ ನಗು ಒಂದು ಕಡೆಯಿಂದ ಆರುತ್ತ ಬಂತು. ಹಿಂದಿನ ಸಾಲಿನವರು ಮೊದಲು ಬಾಯಿ ಮುಚ್ಚಿದರು, ಆಮೇಲೆ ಅವರ ಮುಂದಿನವರು. ಯಾರೂ ತಿರುಗಿ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಸಿಗಾರಿನ ವಾಸನೆ ಬಂದಿತ್ತು.

ದೋನ್ ಎವೆಲಿಯೋ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ನನ್ನ ಜಪ ಬಂತು. ನನ್ನ ಮುಖ ಅಷ್ಟು ದೊಡ್ಡದಾಗಿ ಕಂಡದ್ದು ನನಗೇ ನಾಚಿಕೆ. ಜಪ ಮುಗಿದು ರೀಲು ಬದಲಾಯಿಸುವಾಗ ಹಿಂದಿನಿಂದ ದನಿ ಬಂತು. "ಅದನ್ನೇ ಇನ್ನೊಂದು ಸಲ ಹಾಕು." ಟೆಂಟಿನವನು ಹಾಕಿದ. ಮುಗಿಯಿತು. "ಇನ್ನೊಂದು ಸಲ." ಜನ ಕುಂಡೆ ಎತ್ತಲು ಧೈರ್ಯ ಸಾಲದೆ ಕೂತೇ ಇದ್ದರು. ಮಕ್ಕಳು ಮಲಗಿಬಿಟ್ಟವು. ಕೊನೆಗೆ ಅವರು ಎದ್ದು ಕಾಲೆಳೆದುಕೊಂಡು ಹೊರಗೆ ಹೋಗುವ ಸದ್ದು ಕೇಳಿಸಿತು. ಸಿನಿಮಾ ಅಲ್ಲಿಗೇ ಮುಗಿಯಿತು. ಕೊನೆ ಏನಾಗುತ್ತದೆ ಎಂದು ಊರಿನಲ್ಲಿ ಯಾರೂ ನೋಡಲಿಲ್ಲ.

ಎರಡು ದಿನ ಬಿಟ್ಟು ಮೇಲಿನಿಂದ ಕರೆ ಬಂತು. ಮೊಮ್ಮಗಳಿಗೆ ಹೆಸರಿಡುವ ಜ್ಞಾನಸ್ನಾನಕ್ಕೆ ನಮ್ಮ ಬ್ಯಾಂಡು ಬೇಕೆಂದು. ಬೇಡ ಅನ್ನಲು ಆಗುತ್ತದೆಯೇ? ಹೊರಡುವಾಗ ನಿಕಾನೋರ್‌ಗೆ, "ಅಲ್ಲಿ ನೆಟ್ಟಗೆ ನಡಿ," ಅಂದೆ. "ನೆಟ್ಟಗೇ ನಡೀತೀನವ್ವ," ಅಂದ.

ಬ್ಯಾಂಡು ನಿನ್ನೆ ನಡೆದುಕೊಂಡು ಬಂತು. ದೊಡ್ಡ ಕಹಳೆಯ ಪ್ರಾಕ್ಸೆದಿಸ್ ಕೈಯಲ್ಲಿ ನಿಕಾನೋರ್‌ನ ತುತ್ತೂರಿ ಇತ್ತು.

"ಅವನಿಗೆ ಅಲ್ಲಿ ಊಟ ಹಿಡಿಸಿದೆಯಂತೆ ಅಕ್ಕಾ," ಅಂದ. "ಸ್ವಲ್ಪ ದಿನ ಉಳ್ಕೋತಾನಂತೆ."

"ಅವನೇ ಹೇಳಿದ್ನಾ?"

ಪ್ರಾಕ್ಸೆದಿಸ್ ತುತ್ತೂರಿಯನ್ನು ಮೇಜಿನ ಮೇಲಿಟ್ಟು ಟೋಪಿ ತೆಗೆದ. ಮತ್ತೆ ಹಾಕಿಕೊಂಡ. "ಹೊಡೆದಿಲ್ಲ ಅಕ್ಕಾ. ಅದನ್ನ ನಾನು ಕಣ್ಣಾರೆ ನೋಡಿದೀನಿ," ಎಂದು ಹೇಳಿ ಹೊರಟುಹೋದ.

ಅವ್ವ


ಮೆಕ್ಸಿಕೋ ನಗರ
೧೭ ಫೆಬ್ರವರಿ ೧೯೮೮

ಅವ್ವ,

ನಾನು ಬರುತ್ತೇನೆ. ನಾಡಿದ್ದಿನ ಬಸ್ಸಿಗೆ ಹೊರಡುತ್ತೇನೆ. ಲೆದೆಸ್ಮಾ ಅವರ ಮನೆಗೆ ಹೋಗಿದ್ದೆ. ನೀವೇ ಬಂದು ಆ ಮನುಷ್ಯನಿಗೆ ಹೇಳಿ, ತಪ್ಪೆಲ್ಲ ನಿಮ್ಮದು, ಹುಡುಗನದಲ್ಲ ಎಂದು ಹೇಳಿ ಎಂದೆ. ಅವರು ಏನು ಕೇಳಿದರು ಗೊತ್ತೇ? "ಮೂರು ಸಲ ಹಾಕಿಸಿಕೊಂಡು ನೋಡಿದ್ನಾ? ನಿಜವಾಗ್ಲೂ?" ಎಂದರು. ಅವರ ಕಣ್ಣು ಹೊಳೆಯುತ್ತಿತ್ತು ಅವ್ವ. ಬಾಗಿಲು ಬಡಿದು ಬಂದೆ.

ಸೈನ್ಯದವರ ಠಾಣೆಗೆ ಹೇಳಿದರೆ? ಪೇಪರಿಗೆ ಹೇಳಿದರೆ? ನಾನು ಬಾಯಿ ಬಿಡದೇ ಇದ್ದಿದ್ದರೆ ಅವರು ನಮ್ಮ ಊರಿಗೇ ಬರುತ್ತಿರಲಿಲ್ಲ.

ಇವತ್ತು ಬೂದಿ ಬುಧವಾರ, ತಪಸ್ಸುಕಾಲದ ಮೊದಲ ದಿನ, ಚರ್ಚಿಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಂಡೆ. ನಗರಕ್ಕೆ ಬಂದ ಮೇಲೆ ಮೊದಲ ಸಲ.

ಲುಸಿಲಾ


ಎಲ್ ಸಾಬಿನಾಲ್
೨೬ ಫೆಬ್ರವರಿ ೧೯೮೮, ಶುಕ್ರವಾರ

ಮಗಳೇ ಲುಸಿಲಾ,

ನೀನು ಸಂತೆ ಊರಿನವರೆಗೂ ಬಂದಿದ್ದೀಯ, ಫಾದರ್ ಮನೆಯಲ್ಲಿದ್ದೀಯ ಎಂದು ಹೋನೋರಿಯೋ ಹೇಳಿದ. ಅಲ್ಲೇ ಇರು. ಒಂದು ಹೆಜ್ಜೆ ಮುಂದೆ ಬರಬೇಡ. ನಾನು ಹೇಳಿದ್ದನ್ನು ಈ ಒಂದು ಸಲ ಕೇಳು. ಠಾಣೆಗೂ ಹೋಗಬೇಡ. ಅಲ್ಲಿಯ ಸಾಹೇಬರು ಆ ಜ್ಞಾನಸ್ನಾನದ ಊಟಕ್ಕೆ ಬಂದಿದ್ದರು, ಬ್ಯಾಂಡಿನವರು ನೋಡಿದ್ದಾರೆ.

ಇವತ್ತು ಬೆಳಿಗ್ಗೆ ತಾಚೋ ಬಂದಿದ್ದ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ನಿನ್ನ ಜೊತೆ ಮೊದಲ ಪ್ರಸಾದ ತೆಗೆದುಕೊಂಡವನು, ನನ್ನ ಹತ್ತಿರ ಜಪ ಕಲಿತವನು. ಈಗ ಮೇಲಿನ ಮನೆಯ ಬಲಗೈ. ಬಾಗಿಲಲ್ಲಿ ನಿಂತ.

"ಬಾ ತಾಚೋ. ಬಂದೂಕು ಹೊರಗಿಡು, ಒಳಗೆ ದೇವಮಾತೆ ಇದ್ದಾಳೆ."

"ಹೊರಗಿಟ್ರೆ ಯಾರಾದ್ರೂ ಕದ್ದಾರು ಟೀಚರಮ್ಮ."

"ಈ ಮೂರು ಕಣಿವೇಲಿ ಕದಿಯೋರೆಲ್ಲ ನಿಮ್ಮ ಕಡೆಯೋರೇ ತಾನೆ? ನಿನ್ನದನ್ನ ಯಾಕೆ ಮುಟ್ತಾರೆ?"

ನಕ್ಕ. ಬಂದೂಕು ಹೊರಗಿಟ್ಟು ಬಂದು ಕೂತ. ರೊಟ್ಟಿ ಕೊಟ್ಟೆ, ಉಪವಾಸ ಎಂದ. ಮನುಷ್ಯರನ್ನು ಹಳ್ಳಕ್ಕೆ ತಳ್ಳಿ ಬರುವವನು ಶುಕ್ರವಾರದ ಉಪವಾಸ ಬಿಡುವುದಿಲ್ಲ. ನಾನೇ ಕಲಿಸಿದ್ದು. ಏನು ಹೇಳಲಿ?

"ನನ್ನ ಮಗ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ. ದಿನಾ ಸಾಯಂಕಾಲ ದೋನ್ ಎವೆಲಿಯೋ ಅವನ ಕೈಲಿ ನಡಿಸ್ತಾರೆ. ಸಿನಿಮಾದಲ್ಲಿ ನಡೆದ ಹಾಗೇ. ವರಾಂಡದ ಈ ತುದಿಯಿಂದ ಆ ತುದೀಗೆ. ಅವರು ಕೂತ್ಕೊಂಡು ನೋಡ್ತಾರೆ."

"ಏನಂತಾರೆ?"

"ಏನೂ ಅನ್ನಲ್ಲ. ಅದೇ ನಮಗೂ ಕಷ್ಟ."

ಆಮೇಲೆ ಬಂದ ವಿಷಯ ಹೇಳಿದ. ಟೆಂಟಿನ ದಿನದಿಂದ ದೋನ್ ಎವೆಲಿಯೋಗೆ ನಿದ್ದೆ ಇಲ್ಲವಂತೆ. ತಾನು ಮಂಚದ ಮೇಲೆ ಸಾಯುವವನಲ್ಲ ಎಂದು ಅವರಿಗೆ ಗೊತ್ತು. ಯಾವುದೋ ಹಳ್ಳದಲ್ಲಿ ಬೀಳುತ್ತೇನೆ, ಹೆಣ ಸಿಗುವುದಿಲ್ಲ, ಶಿಲುಬೆ ಬರೆಯಲು ನೆಲವೂ ಇರುವುದಿಲ್ಲ ಎನ್ನುತ್ತಾರಂತೆ. ತಾವು ಎಷ್ಟು ಜನಕ್ಕೆ ಹಾಗೆ ಮಾಡಿದ್ದಾರೆ ಎಂದು ಅವರಿಗೇ ಗೊತ್ತಲ್ಲ.

"ನೀವು ಹೆಸರು ಹೇಳೋ ಜಾಗದಲ್ಲಿ ಸುಮ್ಮನಾಗ್ತೀರಲ್ಲ ಟೀಚರಮ್ಮ, ಅದು ತನಗೆ ಅಂತಲೇ ಖಾಲಿ ಬಿಟ್ಟಿದ್ದು ಅಂತಾರೆ. ನೀವು ಮೇಲೆ ಬರಬೇಕು. ಅವರ ಕೋಣೇಲಿ ಸುಣ್ಣ ಇಡಬೇಕು. ಒಂಬತ್ತು ರಾತ್ರಿ, ಒಂದೂ ಬಿಡೋ ಹಾಗಿಲ್ಲ. ಆ ಜಾಗದಲ್ಲಿ ಅವರ ಹೆಸರು ಹೇಳಬೇಕು. ಅವರು ಕುರ್ಚೀಲಿ ಕೂತು ಕೇಳ್ತಾರೆ. ಕೊನೇ ರಾತ್ರಿ ಎತ್ತಿಬಿಟ್ರೆ ನೀವೂ ನಿಕಾನೋರೂ ಮನೇಗೆ ಬರಬಹುದು."

"ಬದುಕಿರೋರಿಗೆ ಇಟ್ರೆ ಏನಾಗುತ್ತೆ ಅಂತ ನಿಂಗೆ ಕಲಿಸಿದ್ದೆ."

"ನಾನು ಮರ್ತಿಲ್ಲ. ಅವರಿಗೆ ಹೇಳೋ ಧೈರ್ಯ ನಂಗಿಲ್ಲ."

"ಎತ್ತಿದ ಮೇಲೆ ಅವರು ನೂರು ವರ್ಷ ಬದುಕಲಿ. ಆದ್ರೆ ಮುಂದಿನ ವಾರ ಒಂದು ಜ್ವರ ಬಂತು ಅನ್ನು. ಒಂದು ಗುಂಡು ಬಂತು ಅನ್ನು. ಆಗ ಯಾರನ್ನ ಕೇಳ್ತೀರಾ ತಾಚೋ?"

ಅವನು ಎದ್ದು ಹೊರಗಿದ್ದ ಬಂದೂಕು ತೆಗೆದುಕೊಂಡ. ಆಮೇಲೆ ಮೆಲ್ಲಗೆ, "ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ," ಅಂದ. ನಾಳೆ ಬೆಳಿಗ್ಗೆ ನನ್ನ ಉತ್ತರ ತೆಗೆದುಕೊಂಡು ಹೋಗಲು ಬರುತ್ತೇನೆ ಎಂದು ಹೇಳಿ ಹೋದ.

ನೋಡು ಮಗಳೇ, ಹೋದರೂ ಸಾವು, ಹೋಗದಿದ್ದರೂ ಸಾವು. ಶಿಲುಬೆ ಇಟ್ಟರೆ ಅವರ ಸಾವಿಗೆ ನಾವು ಹೊಣೆ. ಇಡದಿದ್ದರೆ ನಿಕಾನೋರ್ ಇವತ್ತೇ ಸಾಯುತ್ತಾನೆ. ಇಡೀ ಮಧ್ಯಾಹ್ನ ಮಾತೆಯ ಮುಂದೆ ಮಂಡಿಯೂರಿದ್ದೆ. ಏನೂ ಹೊಳೆಯಲಿಲ್ಲ. ಎದ್ದು ಒಲೆಗೆ ಸೌದೆ ಇಡುವಾಗ ಹೊಳೆಯಿತು.

ಕೊನೆಯ ರಾತ್ರಿ ಸುಣ್ಣ ಎತ್ತುವುದು ನಾನಲ್ಲ. ನಾನು ಜಪ ಹೇಳುವವಳು ಮಾತ್ರ. ಎತ್ತುವವನು ಶಿಲುಬೆಯ ಜ್ಞಾನತಂದೆ. ಸತ್ತವರ ಮನೆಯವರೇ ಅವನನ್ನು ಕರೆದು ಕೇಳಿಕೊಳ್ಳುತ್ತಾರೆ. ಅವತ್ತಿನಿಂದ ಅವನು ಆ ಮನೆಯ ನೆಂಟ, ಕೂಸನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದವನ ಹಾಗೇ. ಅವನ ಮೇಲೆ ಆ ಮನೆಯವರು ಕೈ ಎತ್ತುವ ಹಾಗಿಲ್ಲ. ಗಸಗಸೆ ಹೊಲದವರು ಅಣ್ಣತಮ್ಮಂದಿರನ್ನು ಕೊಂದದ್ದು ಕೇಳಿದ್ದೇನೆ. ಜ್ಞಾನತಂದೆಯನ್ನು ಮುಟ್ಟಿದ್ದು ಇದುವರೆಗೆ ಕೇಳಿಲ್ಲ.

ಅದಕ್ಕೆ ನನ್ನ ಉತ್ತರ ಹೀಗೆ ಬರೆದಿದ್ದೇನೆ. ಬದುಕಿರುವವರಿಗೆ ನಾನು ಸುಣ್ಣ ಇಡುವುದಿಲ್ಲ, ಅದು ದೇವರಿಗೆ ದ್ರೋಹ, ನಿಮಗೂ ದ್ರೋಹ. ಆದರೆ ನೀವು ಯಾವತ್ತು, ಎಲ್ಲಿ, ಹೇಗೆ ಸತ್ತರೂ, ಹೆಣ ಸಿಕ್ಕರೂ ಸಿಗದಿದ್ದರೂ, ಯಾರು ಹೆದರಿ ಬರದಿದ್ದರೂ ನಾನು ಬರುತ್ತೇನೆ. ಒಂಬತ್ತು ರಾತ್ರಿಯೂ ನಿಮ್ಮ ಹೆಸರನ್ನು ಜೋರಾಗಿ ಹೇಳುತ್ತೇನೆ. ಮಾತೆಯ ಮೇಲೆ ಆಣೆ. ನಿಮ್ಮ ಶಿಲುಬೆ ಎತ್ತುವವನು ನಿಕಾನೋರ್. ಅವನನ್ನು ಈಗಲೇ, ನಿಮ್ಮ ಜನರೆಲ್ಲರ ಮುಂದೆ, ನಿಮ್ಮ ಬಾಯಿಂದಲೇ ಕೇಳಿಕೊಳ್ಳಿ. ಇಷ್ಟೇ ಉತ್ತರ. ಅವರಿಗೆ ಶಿಲುಬೆ ಬೇಕಾದರೆ ನಾವಿಬ್ಬರೂ ಬದುಕಿರಬೇಕು.

ಅವರು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿದ್ದೆಗೆಟ್ಟ ಮನುಷ್ಯ ಯಾವ ಕಡೆ ಹೊರಳುತ್ತಾನೆಂದು ಯಾರಿಂದ ಹೇಳಲು ಆಗುತ್ತದೆ?

ನಾನು ಬಾಯಿ ಬಿಟ್ಟದ್ದರಿಂದ ಹೀಗಾಯಿತು ಎಂದು ನೀನು ಬರೆದಿದ್ದೆ. ಅವ್ವನ ಜಪದ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವುದು ಪಾಪವಲ್ಲ. ಆ ಲೆದೆಸ್ಮಾ ಅಷ್ಟು ದೊಡ್ಡದು ಮಾಡಲು ಹೋಗಿ ಆ ಜಪ ಒಂದನ್ನು ಬಿಟ್ಟು ಎಲ್ಲವನ್ನೂ ಕೆಡಿಸಿದರು. ಅದನ್ನೂ ಕೆಡಿಸಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಜನ ನಕ್ಕು ಮನೆಗೆ ಹೋಗುತ್ತಿದ್ದರು.

ಈಸ್ಟರಿನ ಒಳಗೆ ನನ್ನಿಂದ ಕಾಗದ ಬರದಿದ್ದರೆ ಯಾರ ಹತ್ತಿರವೂ ವಿಚಾರಿಸಬೇಡ. ಊರಿಗೆ ಬರಬೇಡ. ನೀನಿರುವ ಕೋಣೆಯಲ್ಲೇ ಜಪ ಹೇಳು. ಹೆಸರು ಬರುವ ಜಾಗದಲ್ಲಿ ಸುಮ್ಮನಾಗಬೇಡ. ನಮ್ಮಿಬ್ಬರ ಹೆಸರನ್ನೂ ಹೇಳು.

ನಿನ್ನ ಅವ್ವ, ತೆಯೋಫಿಲಾ


ಎಲ್ ಸಾಬಿನಾಲ್
೨೭ ಫೆಬ್ರವರಿ ೧೯೮೮

ಮೇಲಿನ ಮನೆಯ ದೋನ್ ಎವೆಲಿಯೋ ಅವರಿಗೆ,

ನಮಸ್ಕಾರ. ದೇವರು ನಿಮಗೆ ನಿದ್ದೆ ಕೊಡಲಿ. ನಿಮಗಾಗಿ ಇವತ್ತು ಬೆಳಿಗ್ಗೆ ಒಂದು ಜಪಮಾಲೆ ಹೇಳಿದ್ದೇನೆ, ಬದುಕಿರುವವರಿಗೆ ಹೇಳುವಂಥದ್ದು.

ನೀವು ಕೇಳಿದ್ದಕ್ಕೆ ಉತ್ತರ ಬರೆದಿಟ್ಟಿದ್ದೇನೆ. ಸುಣ್ಣ ಇಡುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ, ನೀವು ದಾರಿ ಕಾಯಬಾರದು. ಆದರೆ ನಿಮ್ಮ ಹೆದರಿಕೆ ಹೋಗುವಂಥ ಮಾತು ಉತ್ತರದಲ್ಲಿದೆ. ಅದು ಪೂರ್ತಿ ನಿಮ್ಮ ಕೈಗೇ ಸೇರಬೇಕು. ತಾಚೋ ನನ್ನ ಬಾಗಿಲಲ್ಲಿ ನಿಂತಿದ್ದಾನೆ, ಕೈ ಚಾಚಿದ್ದಾನೆ. ಒಳ್ಳೆಯ ಹುಡುಗ, ಜಪ ಮರೆತಿಲ್ಲ. ಆದರೂ ಅವನ ಕೈಗೆ ಈ ಚೀಟಿ ಮಾತ್ರ ಕೊಡುತ್ತಿದ್ದೇನೆ. ಅವನು ಬಂದೂಕು ಎತ್ತಿದರೂ ಉತ್ತರ ಕೊಡುವುದಿಲ್ಲ.

ನಾನು ಬಾಗಿಲು ತೆಗೆದಿಟ್ಟು ಒಲೆಯ ಮುಂದೆ ಕೂತಿರುತ್ತೇನೆ. ಉತ್ತರ ತೆಗೆದುಕೊಂಡು ಹೋಗಲು ನನ್ನ ಮಗ ನಿಕಾನೋರ್‌ನನ್ನೇ ಕಳಿಸಿ.

ತೆಯೋಫಿಲಾ